ಹೆಚ್ಚು ಜನ ಹಾಕಿಕೊಳ್ಳದ, ಆದರೆ ಪ್ರತಿ ಮನೆಗೂ ಬೇಕಾದ ಆ್ಯಪ್‌ಗಳು: ಹಾಕುವುದು, ಸಿದ್ಧ ಮಾಡಿಟ್ಟುಕೊಳ್ಳುವುದು, ಬಳಸುವುದು

ಪ್ಲೇ ಸ್ಟೋರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಆಟ, ಶಾಪಿಂಗ್, ಸಾಲ ಕೊಡುವ ಆ್ಯಪ್, ಮತ್ತೆ ಇನ್ನಷ್ಟು ಆಟ. ಜಾಹೀರಾತಿಗೆ ದುಡ್ಡು ಸುರಿಯುವವರು ಅಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮಗಳ ಮದುವೆಗೆ ಒಡವೆ ಕೊಳ್ಳುವಾಗ, ಅಪ್ಪನ ಬಿಪಿ ಮಾತ್ರೆ ತರುವಾಗ, ಊರಿನ ಜಮೀನಿನ ಸರ್ವೆ ನಂಬರ್ ನೋಡುವಾಗ, ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಕೆಲಸಕ್ಕೆ ಬರುವ ಆ್ಯಪ್‌ಗಳು ಹಿಂದೆ ಎಲ್ಲೋ ಇರುತ್ತವೆ. ಅವುಗಳಲ್ಲಿ ಕೆಲವನ್ನು ಸರ್ಕಾರಿ ಸಂಸ್ಥೆಗಳು ಮಾಡಿವೆ, ಕೆಲವನ್ನು ವಿಶ್ವವಿದ್ಯಾಲಯದವರು, ಇನ್ನು ಕೆಲವನ್ನು ಸ್ವಯಂಸೇವಕರು. ಇಲ್ಲಿ ಹೇಳಿರುವ ಎಲ್ಲವೂ ಉಚಿತ.

ಇವುಗಳ ಬಗ್ಗೆ ನಾನು ಒತ್ತಿ ಹೇಳುವ ಮಾತು ಒಂದೇ. ಬೇಕಾಗುವ ಮೊದಲೇ ಹಾಕಿ, ಒಂದು ಸಲ ಬಳಸಿ ನೋಡಿ ಇಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ, ಒಡವೆ ಅಂಗಡಿಯ ಕೌಂಟರಿನ ಮುಂದೆ ನಿಂತು ಆ್ಯಪ್ ಹುಡುಕಿದರೆ ಗಡಿಬಿಡಿಯಲ್ಲಿ ಯಾವುದೋ ನಕಲಿ ಆ್ಯಪ್ ಫೋನಿಗೆ ಬಂದು ಕೂರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತರೆ ಇವೆಲ್ಲ ಮುಗಿಯುವ ಕೆಲಸ.

ಹಾಕಿಕೊಳ್ಳುವ ಮೊದಲು

ಮೊದಲು ಹೆಸರಿನ ಕೆಳಗೆ ನೋಡಿ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಅದನ್ನು ಮಾಡಿದವರ ಹೆಸರು ಇರುತ್ತದೆ. ಸರ್ಕಾರಿ ಆ್ಯಪ್‌ಗಳ ಹೆಸರು, ಲಾಂಛನ ಎರಡನ್ನೂ ಹೋಲುವ ಖಾಸಗಿ ಆ್ಯಪ್‌ಗಳು ಬೇಕಾದಷ್ಟಿವೆ. ಹೆಸರು ನೋಡಿ ಮೋಸ ಹೋಗಬಹುದು, ಮಾಡಿದವರು ಯಾರು ಅಂತ ನೋಡಿದರೆ ಮೋಸ ಹೋಗುವುದು ಕಷ್ಟ.

ವಾಟ್ಸಾಪಿನಲ್ಲಿ ಬಂದ ಫೈಲ್‌ನಿಂದ ಆ್ಯಪ್ ಹಾಕಲೇಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟ ಎಪಿಕೆ ಫೈಲ್‌ಗಳು ಓಡಾಡುತ್ತಿವೆ. ಅದನ್ನು ಒತ್ತಿ ಹಾಕಿಕೊಂಡರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಆಮೇಲೆ ನಿಮ್ಮ ಓಟಿಪಿ ಅವರ ಕೈಗೆ. ನೆಂಟರೇ ಕಳಿಸಿದ್ದರೂ ಅಷ್ಟೇ, ಅವರ ಫೋನ್ ಮೊದಲೇ ಬೇರೆಯವರ ವಶ ಆಗಿರಬಹುದು.

ಅನುಮತಿ ಕೇಳಿದಾಗ ಒಂದು ಕ್ಷಣ ನಿಂತು ಯೋಚಿಸಿ. ನಕ್ಷೆಯ ಆ್ಯಪ್‌ಗೆ ಲೊಕೇಶನ್ ಬೇಕು, ಸರಿ. ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಯಾಕೆ? ಲೊಕೇಶನ್ ಕೊಡುವಾಗ ‘ಆ್ಯಪ್ ಬಳಸುವಾಗ ಮಾತ್ರ’ ಅನ್ನುವುದನ್ನು ಆರಿಸಿ. ಒಂದೇ ಒಂದು ಆ್ಯಪ್‌ಗೆ ಇದರಿಂದ ವಿನಾಯಿತಿ ಬೇಕಾಗುತ್ತದೆ, ಅದು ಮುಂದೆ ಬರುತ್ತದೆ.

ಒಡವೆ ಕೊಳ್ಳುವ ಮುನ್ನ: ಬಿಐಎಸ್ ಕೇರ್

ಚಿನ್ನ ಕೊಳ್ಳುವ ಮನೆಗಳು ಎಷ್ಟಿವೆ, ಈ ಆ್ಯಪ್ ಇರುವ ಫೋನುಗಳು ಎಷ್ಟಿವೆ! ಮನೆಯ ವರ್ಷಗಳ ಉಳಿತಾಯ ಒಂದು ಮಧ್ಯಾಹ್ನದಲ್ಲಿ ಕೈ ಬದಲಾಗುವ ಜಾಗ ಅದು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮಾಡಿದವರು ಭಾರತೀಯ ಮಾನಕ ಬ್ಯೂರೋ. ಪ್ಲೇ ಸ್ಟೋರಿನಲ್ಲಿ ಇಂಗ್ಲಿಷಿನಲ್ಲಿ ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಅಂತ ಇರುತ್ತದೆ. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಇರುವ ಚಿನ್ನದ ಒಡವೆಯ ಮೇಲೆ ಮೂರು ಗುರುತು ಇರಬೇಕು ಅಂತ ಆಯಿತು. ಬಿಐಎಸ್‌ನ ತ್ರಿಕೋನ ಗುರುತು, ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವ ಹಾಗಿಲ್ಲ. ಒಂದು ಒಡವೆಗೆ ಕೊಟ್ಟ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ.

ಈಗ ಕೌಂಟರಿನ ಮುಂದೆ ನೀವು ಮಾಡಬೇಕಾದ್ದು:

1. ಒಡವೆ ಆರಿಸಿದ ಮೇಲೆ, ತೂಕ ಮಾಡಿ ಬಿಲ್ ಬರೆಯುವ ಮೊದಲು, ಭೂತಗನ್ನಡಿ ಕೇಳಿ. ಹಾಲ್‌ಮಾರ್ಕ್ ಒಡವೆ ಮಾರುವ ಅಂಗಡಿಯಲ್ಲಿ ಅದು ಇರಲೇಬೇಕು. ಉಂಗುರವಾದರೆ ಒಳಗಡೆ, ಬಳೆಯಾದರೆ ಒಳಮೈಯಲ್ಲಿ, ಸರವಾದರೆ ಕೊಂಡಿಯ ಹತ್ತಿರ ಗುರುತು ಹುಡುಕಿ.
2. ಶುದ್ಧತೆ ಓದಿ. 22ಕೆ916 ಅಂದರೆ 22 ಕ್ಯಾರೆಟ್, ಅಂದರೆ ನೂರು ಪಾಲಿನಲ್ಲಿ 91.6 ಪಾಲು ಚಿನ್ನ. 18ಕೆ750 ಅಂದರೆ 75 ಪಾಲು. 14ಕೆ585 ಅಂದರೆ 58.5 ಪಾಲು.
3. ಆ್ಯಪ್ ತೆರೆದು ಎಚ್‌ಯುಐಡಿ ಪರಿಶೀಲನೆ ಅನ್ನುವ ಚೌಕ ಒತ್ತಿ, ಆ ಆರು ಅಕ್ಷರ-ಅಂಕಿ ಹಾಕಿ. ಸೊನ್ನೆ ಯಾವುದು, ‘ಓ’ ಯಾವುದು ಅಂತ ಗೊಂದಲವಾದರೆ ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ಫೋಟೋ ತೆಗೆದು ನೋಡಿ.
4. ಬಂದ ವಿವರವನ್ನು ಕೈಯಲ್ಲಿರುವ ಒಡವೆಯ ಜೊತೆ ಹೋಲಿಸಿ. ಹೆಚ್ಚಿನವರು ಬಿಡುವ ಹೆಜ್ಜೆ ಇದೇ.

ನಾಲ್ಕನೆಯದನ್ನು ಬಿಡಿಸಿ ಹೇಳುತ್ತೇನೆ. ಸಂಖ್ಯೆ ಹಾಕಿದ ಕೂಡಲೇ ಏನೋ ವಿವರ ಬಂತು, ಸರಿ ಅಂತ ಫೋನ್ ಜೇಬಿಗೆ ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಪರದೆಯ ಮೇಲೆ ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು, ಯಾವಾಗ ಆಯಿತು ಅಂತ ಇರುತ್ತದೆ. ನಿಮ್ಮ ಕೈಯಲ್ಲಿ ಬಳೆ ಇದ್ದು ಪರದೆಯಲ್ಲಿ ಉಂಗುರ ಅಂತ ಬಂದರೆ ಆ ಸಂಖ್ಯೆ ಬೇರೆ ಒಡವೆಯದ್ದು. ಒಡವೆಯ ಮೇಲೆ 22 ಇದ್ದು ಪರದೆಯಲ್ಲಿ 18 ಬಂದರೂ ಹಾಗೇ. ಅಲ್ಲೇ ಕೇಳಿ. ಒಳ್ಳೆಯ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಕಡೆ ಅವರೇ ಆ್ಯಪ್ ತೆರೆದು ತೋರಿಸುತ್ತಾರೆ. ಹಾಗೆ ತೋರಿಸಿದರೂ ನಿಮ್ಮ ಫೋನಿನಲ್ಲೇ ಇನ್ನೊಮ್ಮೆ ನೋಡಿ.

ಮನೆಗೆ ತಂದ ಮೇಲೆ ಅನುಮಾನ ಬಂದರೆ? ಯಾರು ಬೇಕಾದರೂ ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಡವೆ ಒಯ್ದು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್ ಒಡವೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಶುದ್ಧತೆ ಕಂಡುಬಂದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆ ಬಿದ್ದ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಶುಲ್ಕ ಗ್ರಾಹಕರಿಗೆ ಸಿಗಬೇಕು. ಇದಕ್ಕೆ ಬಿಲ್ ಬೇಕೇ ಬೇಕು. ‘ಬಿಲ್ ಇಲ್ಲದೆ ತಗೊಂಡ್ರೆ ಜಿಎಸ್‌ಟಿ ಉಳಿಯುತ್ತೆ’ ಅನ್ನುವ ಮಾತಿಗೆ ಬಲಿಯಾಗಬೇಡಿ. ದೂರು ಕೊಡುವ ಜಾಗವೂ ಇದೇ ಆ್ಯಪ್‌ನಲ್ಲಿದೆ.

ಒಂದು ವಿಷಯ ನೆನಪಿರಲಿ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆ, ಕುಂದನ್, ಪೋಲ್ಕಿ, ಜಡಾವು ಕೆಲಸದವು ಈ ಕಡ್ಡಾಯದಿಂದ ಹೊರಗಿವೆ. ಪುಟ್ಟ ಮೂಗುತಿಯಲ್ಲಿ ಸಂಖ್ಯೆ ಇಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಕಿಲ್ಲ.

ಇದೇ ಆ್ಯಪ್ ಚಿನ್ನಕ್ಕೆ ಮಾತ್ರ ಸೀಮಿತವಲ್ಲ. ಹೆಲ್ಮೆಟ್, ಪ್ರೆಶರ್ ಕುಕ್ಕರ್, ವಯರ್ ಕೊಳ್ಳುವಾಗ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಯಾವ ಕಂಪನಿಯ ಯಾವ ವಸ್ತುವಿಗೆ ಆ ಪರವಾನಗಿ, ಅದು ಈಗಲೂ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ರಸ್ತೆ ಬದಿಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಹೆಲ್ಮೆಟ್ ಮೇಲೂ ಐಎಸ್‌ಐ ಸ್ಟಿಕರ್ ಇರುತ್ತದೆ. ಸ್ಟಿಕರ್ ಅಂಟಿಸುವುದು ಸುಲಭ, ನಂಬರ್ ಹೊಂದಿಸುವುದು ಸುಲಭವಲ್ಲ. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್‌ಗಳಿಗೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ, ಅದನ್ನೂ ಹೀಗೇ ನೋಡಬಹುದು.

ತಿಂಗಳ ಮಾತ್ರೆ ಖರ್ಚು: ಜನೌಷಧಿ ಸುಗಮ್, ಫಾರ್ಮಾ ಸಹಿ ದಾಮ್

ಬಿಪಿ, ಶುಗರ್, ಕೊಲೆಸ್ಟ್ರಾಲ್. ಈ ಮೂರರಲ್ಲಿ ಒಂದಾದರೂ ಇರುವ ಮನೆಗೆ ಈ ಎರಡು ಆ್ಯಪ್ ಬೇಕು.

ಮೊದಲು ಮಾತ್ರೆಯ ಸ್ಟ್ರಿಪ್ ಕೈಗೆ ತೆಗೆದುಕೊಳ್ಳಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಇರುವ ಸಣ್ಣ ಅಕ್ಷರ ನಮಗೆ ಬೇಕಾದ್ದು. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ, ಹೀಗೆ. ಔಷಧದ ನಿಜವಾದ ಹೆಸರು ಮತ್ತು ಪ್ರಮಾಣ ಅದು. ಅದನ್ನು ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹುಡುಕಿದರೆ ಜನೌಷಧಿ ಕೇಂದ್ರದಲ್ಲಿ ಅದಕ್ಕೆ ಎಷ್ಟು ಬೆಲೆ ಅಂತ ತೋರಿಸುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ನಕ್ಷೆಯಲ್ಲಿ ಬರುತ್ತದೆ. ಜನೌಷಧಿಯ ಬೆಲೆ ಕಟ್ಟುವ ಲೆಕ್ಕ ಹೀಗಿದೆ: ಆ ಔಷಧದ ಮೊದಲ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧಕ್ಕಿಂತ ಹೆಚ್ಚಿರಬಾರದು. ಎಷ್ಟೋ ಮಾತ್ರೆಗಳು ಅದಕ್ಕಿಂತ ತುಂಬಾ ಕಡಿಮೆಗೆ ಸಿಗುತ್ತವೆ.

ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್ ಅಥವಾ ಎಕ್ಸ್‌ಆರ್ ಅಂತ ಇದೆಯಾ ನೋಡಿ. ಇದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಔಷಧ ಬಿಡುವ ಮಾತ್ರೆ. ಅದರ ಬದಲು ಸಾದಾ ಮಾತ್ರೆ ತರಬಾರದು. ಥೈರಾಯ್ಡ್, ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನಂತೂ ಡಾಕ್ಟರನ್ನು ಕೇಳದೆ ಬ್ರ್ಯಾಂಡ್ ಬದಲಾಯಿಸಬೇಡಿ. ಅವುಗಳಲ್ಲಿ ಸಣ್ಣ ವ್ಯತ್ಯಾಸವೂ ದೇಹಕ್ಕೆ ಗೊತ್ತಾಗುತ್ತದೆ. ಉಳಿದವನ್ನೂ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ಇದರ ಜನೌಷಧಿ ಮಾತ್ರೆ ತಗೊಳ್ಳಬಹುದಾ’ ಅಂತ ಕೇಳಿಯೇ ಬದಲಿಸಿ.

ಫಾರ್ಮಾ ಸಹಿ ದಾಮ್ ಬೇರೆ ಕೆಲಸ ಮಾಡುತ್ತದೆ. ಔಷಧಗಳ ಬೆಲೆ ನಿಗದಿ ಮಾಡುವ ರಾಷ್ಟ್ರೀಯ ಪ್ರಾಧಿಕಾರದ ಆ್ಯಪ್ ಇದು. ಇಲ್ಲಿ ಬ್ರ್ಯಾಂಡ್ ಹೆಸರೇ ಹಾಕಬಹುದು. ಅದರಲ್ಲಿ ಏನಿದೆ, ಅದೇ ಔಷಧದ ಬೇರೆ ಬ್ರ್ಯಾಂಡ್‌ಗಳು ಯಾವುವು, ಬೆಲೆ ಎಷ್ಟು ಅಂತ ಬರುತ್ತದೆ. ಜನೌಷಧಿ ಕೇಂದ್ರ ದೂರ ಇರುವ ಊರಿನವರಿಗೆ ಇದೇ ಹೆಚ್ಚು ಉಪಯೋಗ, ಏಕೆಂದರೆ ಪಕ್ಕದ ಮೆಡಿಕಲ್ ಸ್ಟೋರಿನಲ್ಲೇ ಕಡಿಮೆ ಬೆಲೆಯ ಬ್ರ್ಯಾಂಡ್ ಇರಬಹುದು.

ನಿಂತ ಜಾಗದ ಸರ್ವೆ ನಂಬರ್: ದಿಶಾಂಕ್

ಕರ್ನಾಟಕದಲ್ಲಿ ಜಮೀನು, ಸೈಟು, ತೋಟ ಅಂತ ಏನೇ ಇದ್ದರೂ ಈ ಆ್ಯಪ್ ಇರಲಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇದನ್ನು ಕಂದಾಯ ಇಲಾಖೆಗಾಗಿ ಮಾಡಿದೆ. ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದಾರೆ.

ಬಳಸುವುದು ಸುಲಭ. ಲೊಕೇಶನ್ ಆನ್ ಮಾಡಿ ಜಾಗದ ಮಧ್ಯದಲ್ಲಿ ನಿಂತು ನಕ್ಷೆಯನ್ನು ಒತ್ತಿ. ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕು ಬರುತ್ತದೆ. ಇನ್ನೂ ಮುಂದೆ ಹೋಗಿ ಸರ್ವೆ ನಂಬರಿನ ಉಪಭಾಗಗಳಾದ ಸರ್ನೋಕ್, ಹಿಸ್ಸಾ ಆರಿಸಿದರೆ ಭೂಮಿ ದಾಖಲೆಯಲ್ಲಿರುವ ಮಾಲೀಕರ ಹೆಸರು ಮತ್ತು ವಿಸ್ತೀರ್ಣ ಸಿಗುತ್ತದೆ. ಉಲ್ಟಾ ದಾರಿಯೂ ಇದೆ: ಜಿಲ್ಲೆಯಿಂದ ಗ್ರಾಮದವರೆಗೆ ಆರಿಸಿ ಸರ್ವೆ ನಂಬರ್ ಹಾಕಿದರೆ ಆ ಜಾಗ ನಕ್ಷೆಯಲ್ಲಿ ಎಲ್ಲಿದೆ ಅಂತ ತೋರಿಸುತ್ತದೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತವರು ಊರಿನ ಗದ್ದೆಯನ್ನು ಹುಡುಕಲು ಇದು ಸಾಕು.

ಸೈಟು ನೋಡಲು ಹೋಗುವವರಿಗೆ ಒಂದು ಮಾತು. ಬ್ರೋಕರ್ ತೋರಿಸಿದ ಕಾಗದದಲ್ಲಿ ಒಂದು ಸರ್ವೆ ನಂಬರ್, ನಿಂತ ಜಾಗದಲ್ಲಿ ಇನ್ನೊಂದು ಬಂದರೆ ಮುಂಗಡ ಕೊಡುವ ಮಾತು ಅಲ್ಲಿಗೇ ನಿಲ್ಲಲಿ. ಕೆರೆ, ರಾಜಕಾಲುವೆ, ಖರಾಬು ಜಾಗ ಹತ್ತಿರ ಇದೆಯಾ ಅಂತಲೂ ಅದೇ ನಕ್ಷೆಯಲ್ಲಿ ಕಣ್ಣಾಡಿಸಿ.

ಆದರೆ ದಿಶಾಂಕ್ ನೋಡಿ ಬೇಲಿ ಹಾಕಬೇಡಿ. ಫೋನಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ತೋರಿಸಬಹುದು, ಅಡಿಕೆ ತೋಟದ ಒಳಗೆ ಇನ್ನೂ ಜಾಸ್ತಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಐದು ಮೀಟರ್ ತಪ್ಪಿದರೆ 16 ಅಡಿ ಹೋಯಿತು, ಅಂದರೆ ಗುಂಟೆಯ ಅರ್ಧ ಅಗಲ. ಪಕ್ಕದವರ ಜೊತೆ ಗಡಿ ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯರ್ ಅಳತೆ ಮಾಡಿಸುವುದೇ ದಾರಿ.

ನೆಟ್‌ವರ್ಕ್ ಇಲ್ಲದ ಕಡೆ ದಾರಿ: ಆರ್ಗ್ಯಾನಿಕ್ ಮ್ಯಾಪ್ಸ್

ಜಿಪಿಎಸ್‌ಗೆ ಇಂಟರ್ನೆಟ್ ಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಬೇಡ. ಫೋನ್ ನೇರವಾಗಿ ಉಪಗ್ರಹದ ಸಂಕೇತ ಹಿಡಿದು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಲು. ಹಾಗಾದರೆ ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಟ್ಟುಕೊಂಡರೆ? ಆರ್ಗ್ಯಾನಿಕ್ ಮ್ಯಾಪ್ಸ್ ಮಾಡುವುದು ಅದನ್ನೇ. ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ನೀವು ಎಲ್ಲಿ ಹೋದಿರಿ ಅಂತ ಬರೆದಿಡುವುದೂ ಇಲ್ಲ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ.

ಮನೆಯ ವೈಫೈಯಲ್ಲಿ ಇರುವಾಗಲೇ ಆ್ಯಪ್ ತೆರೆದು, ನಕ್ಷೆ ಡೌನ್‌ಲೋಡ್ ಮಾಡುವ ಜಾಗದಲ್ಲಿ ಭಾರತ, ಅದರೊಳಗೆ ಕರ್ನಾಟಕ ಆರಿಸಿ ಇಳಿಸಿಕೊಳ್ಳಿ. ಗಡಿ ಜಿಲ್ಲೆಯವರು ಪಕ್ಕದ ರಾಜ್ಯದ್ದನ್ನೂ ಇಳಿಸಿ. ಕೊಡಗಿನಿಂದ ವಯನಾಡಿಗೆ, ಬೆಳಗಾವಿಯಿಂದ ಗೋವಾಕ್ಕೆ ಹೋಗುವವರಿಗೆ ಒಂದೇ ರಾಜ್ಯದ ನಕ್ಷೆ ಸಾಲುವುದಿಲ್ಲ. ಆಮೇಲೆ ಹೋಗಬೇಕಾದ ಜಾಗವನ್ನು ಹುಡುಕಿ, ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿ. ಹೋಂಸ್ಟೇ, ಪೆಟ್ರೋಲ್ ಬಂಕ್, ಆಸ್ಪತ್ರೆ, ಮೂರನ್ನೂ ಹೀಗೆ ಗುರುತು ಮಾಡಿಟ್ಟುಕೊಳ್ಳಿ. ಕೊನೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮನೆಯ ಹೊರಗೆ ಬಯಲಲ್ಲಿ ನಿಂತು, ಆ ಹೋಂಸ್ಟೇಗೆ ದಾರಿ ಕೇಳಿ ನೋಡಿ. ದಾರಿ ಬಂದರೆ ಕುದುರೆಮುಖದ ಕಾಡಿನಲ್ಲೂ ಬರುತ್ತದೆ. ನೆಟ್‌ವರ್ಕ್ ಇಲ್ಲದಾಗ ನೀಲಿ ಚುಕ್ಕೆ ಸರಿಯಾದ ಜಾಗಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮರದ ಕೆಳಗಿನಿಂದ ಆಚೆ ಬಂದು ಕಾಯಿರಿ.

ಇದರ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ ಅದು. ಹಾಗಾಗಿ ಒಂದು ಮಿತಿಯೂ ಇದೆ. ಟ್ರಾಫಿಕ್ ಜಾಮ್ ತೋರಿಸುವುದಿಲ್ಲ, ಹೊಸ ಅಂಗಡಿ-ಹೋಟೆಲ್ ಎಲ್ಲ ಇರುವುದಿಲ್ಲ. ಬೆಂಗಳೂರಿನ ಸಂಜೆಯ ಓಡಾಟಕ್ಕೆ ಇದನ್ನು ನಾನು ಹೇಳುವುದಿಲ್ಲ. ಕಾಲುದಾರಿ, ಬೆಟ್ಟದ ಏರು, ಹಳ್ಳಿಯ ಮಣ್ಣುದಾರಿ ಇವುಗಳಲ್ಲಿ ಮಾತ್ರ ಎಷ್ಟೋ ಸಲ ದೊಡ್ಡ ಕಂಪನಿಗಳ ನಕ್ಷೆಗಿಂತ ಮುಂದಿದೆ, ಏಕೆಂದರೆ ಅಲ್ಲಿ ನಡೆದವರೇ ಅದನ್ನು ಬರೆದಿದ್ದಾರೆ.

ನಿಮ್ಮ ಊರಿನ ದಾರಿ ಅದರಲ್ಲಿ ಇಲ್ಲವೇ? ನೀವೇ ಸೇರಿಸಿ. ಸ್ಟ್ರೀಟ್‌ಕಂಪ್ಲೀಟ್ ಅಂತ ಇನ್ನೊಂದು ಆ್ಯಪ್ ಇದೆ, ಆಂಡ್ರಾಯ್ಡ್‌ಗೆ. ನೀವು ನಿಂತ ಬೀದಿಯ ಬಗ್ಗೆಯೇ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ. ಈ ರಸ್ತೆ ಡಾಂಬರೋ ಮಣ್ಣೋ? ಈ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ? ಬಸ್ ನಿಲ್ದಾಣಕ್ಕೆ ಸೂರು ಇದೆಯಾ? ಉತ್ತರ ಕೊಟ್ಟರೆ ಅದು ನೇರವಾಗಿ ನಕ್ಷೆ ಸೇರುತ್ತದೆ. ಊರಿನ ಹೆಸರನ್ನು ಕನ್ನಡದಲ್ಲಿ ಸೇರಿಸುವ ಅವಕಾಶ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ಇದೆ. ನಮ್ಮ ಹಳ್ಳಿ, ಕೇರಿ, ಹಳ್ಳ, ದಿಣ್ಣೆಗಳ ಹೆಸರು ಸರಿಯಾದ ಕನ್ನಡದಲ್ಲಿ ನಕ್ಷೆಯ ಮೇಲೆ ಉಳಿಯಬೇಕು ಅಂದರೆ ಆ ಕೆಲಸವನ್ನು ನಾವೇ ಮಾಡಬೇಕು, ಅಲ್ವಾ?

ಸಿಡಿಲಿನ ಮುನ್ನೆಚ್ಚರಿಕೆ: ದಾಮಿನಿ

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು. ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ. ಮೇಲೆ ಹೇಳಿದ ಲೊಕೇಶನ್ ವಿನಾಯಿತಿ ಇದಕ್ಕೆ. ಫೋನ್ ಜೇಬಿನಲ್ಲಿದ್ದಾಗಲೂ ಎಚ್ಚರಿಸಬೇಕಾದರೆ ಲೊಕೇಶನ್ ‘ಯಾವಾಗಲೂ’ ಅಂತ ಇರಬೇಕು, ನೋಟಿಫಿಕೇಶನ್ ಆನ್ ಇರಬೇಕು, ಬ್ಯಾಟರಿ ಉಳಿಸುವ ಪಟ್ಟಿಯಿಂದ ಇದನ್ನು ಹೊರಗಿಡಬೇಕು. ಮಳೆಗಾಲ ಶುರುವಾಗುವ ಮುಂಚಿನ ಏಪ್ರಿಲ್-ಮೇ ಗುಡುಗು ಮಳೆಯ ಹೊತ್ತಿಗೆ, ಹೊಲದಲ್ಲಿ ಕೆಲಸ ಮಾಡುವವರ, ದನ-ಕುರಿ ಮೇಯಿಸುವವರ ಫೋನಿಗೆ ಇದನ್ನು ನೀವೇ ಹಾಕಿಕೊಡಿ.

ಆ್ಯಪ್ ಇಲ್ಲದಿದ್ದರೆ ಕಿವಿಯೇ ಗತಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿದರೆ ಪಕ್ಕಾ ಮನೆಯ ಅಥವಾ ಮುಚ್ಚಿದ ಕಾರಿನ ಒಳಗೆ ಹೋಗಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ. ಒಂಟಿ ಮರದ ಕೆಳಗಂತೂ ನಿಲ್ಲಲೇಬೇಡಿ.

ಕಿವಿ ಮಂದವಾದ ಹಿರಿಯರಿಗೆ: ಲೈವ್ ಟ್ರಾನ್ಸ್‌ಕ್ರೈಬ್

ಈ ಎಲ್ಲದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಎದುರಿಗೆ ಆಡಿದ ಮಾತನ್ನು ಆ ಕ್ಷಣವೇ ಅಕ್ಷರ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಕನ್ನಡವನ್ನೂ ಬರೆಯುತ್ತದೆ. ಕಿವಿ ಕೇಳದವರಿಗಾಗಿಯೇ ಇರುವ ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಜೊತೆ ಸೇರಿ ಗೂಗಲ್ ಇದನ್ನು ಮಾಡಿ 2019ರಲ್ಲಿ ಹೊರತಂದಿತು. ಆಂಡ್ರಾಯ್ಡ್‌ಗೆ ಮಾತ್ರ ಇದೆ.

ಕಿವಿ ಮಂದವಾದ ಹಿರಿಯರು ಮನೆಯ ಮಾತುಕತೆಯಿಂದ ನಿಧಾನವಾಗಿ ಹೊರಗೆ ಹೋಗುತ್ತಾರೆ. ಎಲ್ಲರೂ ನಕ್ಕಾಗ ಅವರೂ ಸುಮ್ನೆ ನಗುತ್ತಾರೆ. ಎರಡು ಸಲ ‘ಏನಂದೆ’ ಅಂತ ಕೇಳಿ, ಮೂರನೇ ಸಲ ಕೇಳುವುದಿಲ್ಲ. ನಮ್ಮ ಸೋದರತ್ತೆಯ ಮುಂದೆ ಊಟದ ಮೇಜಿನ ಮೇಲೆ, ನೀರಿನ ಚೊಂಬಿಗೆ ಒರಗಿಸಿ ಫೋನ್ ಇಟ್ಟಾಗ ನಾನು ಕಂಡದ್ದು ಬೇರೆಯೇ. ಮೊಮ್ಮಗ ಶಾಲೆಯ ಯಾವುದೋ ಕಥೆ ಹೇಳುತ್ತಿದ್ದ. ಅವರು ಕನ್ನಡಕ ಮೂಗಿನ ತುದಿಗೆ ಜಾರಿಸಿ ಸಾಲು ಸಾಲಾಗಿ ಓದುತ್ತಾ ಹೋದರು, ಕಥೆಯ ಮಧ್ಯದಲ್ಲೇ ತಡೆದು ‘ಆಮೇಲೆ ಮೇಷ್ಟ್ರು ಏನಂದ್ರೋ?’ ಅಂತ ಕೇಳಿದರು.

ಸಿದ್ಧ ಮಾಡುವ ಬಗೆ ಹೀಗೆ. ಕೆಲವು ಫೋನುಗಳಲ್ಲಿ ಇದು ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಹುಡುಕಿ. ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಹಾಕಿ, ಮೈಕ್ ಅನುಮತಿ ಕೊಡಿ. ಒಳಗಿನ ಸೆಟ್ಟಿಂಗ್ಸ್‌ನಲ್ಲಿ ಮೊದಲ ಭಾಷೆ ಕನ್ನಡ, ಎರಡನೆಯದು ಇಂಗ್ಲಿಷ್ ಅಂತ ಇಡಿ. ಅಕ್ಷರದ ಗಾತ್ರವನ್ನು ಅವರ ಕೈಗೆ ಕೊಟ್ಟು, ಅವರೇ ‘ಸಾಕು’ ಅನ್ನುವವರೆಗೆ ದೊಡ್ಡದು ಮಾಡಿ. ನಮ್ಮ ಕಣ್ಣಿನ ಅಂದಾಜು ಅವರಿಗೆ ಸಾಲುವುದಿಲ್ಲ. ಕಪ್ಪು ಹಿನ್ನೆಲೆ, ಬಿಳಿ ಹಿನ್ನೆಲೆ ಇವೆರಡರಲ್ಲಿ ಯಾವುದು ಹಿತ ಅಂತಲೂ ಕೇಳಿ. ಹೋಂ ಸ್ಕ್ರೀನಿನಲ್ಲಿ, ಹೆಬ್ಬೆರಳು ಸುಲಭವಾಗಿ ತಾಗುವ ಜಾಗದಲ್ಲಿ ಅದರ ಗುರುತು ಇಡಿ. ಇಂಟರ್ನೆಟ್ ಆನ್ ಇರಲಿ.

ಮಾತು ಸರಿಯಾಗಿ ಅಕ್ಷರವಾಗಬೇಕಾದರೆ ಕೆಲವು ಅಭ್ಯಾಸ ಬೇಕು, ಅದೂ ಮಾತಾಡುವವರಿಗೆ. ಫೋನಿನ ಮೈಕ್ ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತದೆ, ಆ ಅಂಚು ಮಾತಾಡುವವರ ಕಡೆಗಿರಲಿ. ಒಬ್ಬರ ಮೇಲೊಬ್ಬರು ಮಾತಾಡಬೇಡಿ. ಟಿವಿ, ಮಿಕ್ಸಿ ಆರಿಸಿ. ಧಾರವಾಡದ, ಮಂಗಳೂರಿನ, ಹಳೇ ಮೈಸೂರಿನ ಆಡುಮಾತು ಒಂದೊಂದು ಸಲ ಅಕ್ಷರದಲ್ಲಿ ಅಡ್ಡಾದಿಡ್ಡಿ ಆಗುತ್ತದೆ. ಹೆಸರುಗಳು ತಪ್ಪುತ್ತವೆ. ಹಾಗಂತ ಪುಸ್ತಕದ ಕನ್ನಡ ಮಾತಾಡಬೇಕಿಲ್ಲ, ಸ್ವಲ್ಪ ಬಿಡಿಸಿ ಮಾತಾಡಿದರೆ ಸಾಕು.

ಆಸ್ಪತ್ರೆಗೆ ಹೋಗುವಾಗ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಡಾಕ್ಟರನ್ನು ಮೊದಲೇ ಕೇಳಿ ಫೋನನ್ನು ಮೇಜಿನ ಮೇಲಿಡಿ. ಆಗ ಡಾಕ್ಟರು ಜೊತೆಗೆ ಬಂದ ಮಗನ ಮುಖ ನೋಡಿ ಮಾತಾಡುವ ಬದಲು ಕಾಯಿಲೆಯವರ ಜೊತೆಗೇ ಮಾತಾಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದ್ದರೆ ಬರೆದದ್ದು ಮೂರು ದಿನ ಫೋನಿನಲ್ಲಿ ಉಳಿಯುತ್ತದೆ, ಮನೆಗೆ ಬಂದು ಮತ್ತೆ ಓದಬಹುದು. ಮಾತ್ರೆಯ ಪ್ರಮಾಣದ ಅಂಕಿಗಳನ್ನು ಮಾತ್ರ ಡಾಕ್ಟರ ಚೀಟಿಯಿಂದಲೇ ನೋಡಿಕೊಳ್ಳಿ. ಇದರದ್ದೇ ಇನ್ನೊಂದು ಭಾಗ ಬಾಗಿಲ ಬೆಲ್, ಮಗುವಿನ ಅಳು, ಹೊಗೆ ಅಲಾರಂ ಸದ್ದು ಕೇಳಿದರೆ ಫೋನನ್ನು ನಡುಗಿಸಿ ತಿಳಿಸುತ್ತದೆ. ಒಬ್ಬರೇ ಇರುವ ಹಿರಿಯರಿಗೆ ಅದನ್ನೂ ಆನ್ ಮಾಡಿ.

ಫೋಟೋ ಕಳಿಸಲು ಲೋಕಲ್‌ಸೆಂಡ್

ಮದುವೆ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಕುಗ್ಗಿ, ಮಸುಕಾಗಿ ಹೋಗುತ್ತವೆ. ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್, ಮತ್ತೊಬ್ಬರದು ವಿಂಡೋಸ್ ಲ್ಯಾಪ್‌ಟಾಪ್ ಆದರೆ ಇನ್ನೂ ಪರದಾಟ. ಎಲ್ಲದರಲ್ಲೂ ಲೋಕಲ್‌ಸೆಂಡ್ ಹಾಕಿ, ಒಂದೇ ವೈಫೈಗೆ ಸೇರಿಸಿ. ವೈಫೈ ಇಲ್ಲದಿದ್ದರೆ ಒಂದು ಫೋನಿನ ಹಾಟ್‌ಸ್ಪಾಟ್ ಸಾಕು. ಕಳಿಸುವವರು ‘ಸೆಂಡ್’ ಒತ್ತಿ ಫೈಲ್ ಆರಿಸಿದರೆ ಪಕ್ಕದ ಫೋನಿನ ಹೆಸರು ಕಾಣುತ್ತದೆ, ಅವರು ಒಪ್ಪಿದರೆ ಹೋಯಿತು. ಡೇಟಾ ಖರ್ಚಾಗುವುದಿಲ್ಲ, ಚಿತ್ರ ಇದ್ದ ಹಾಗೇ ಹೋಗುತ್ತದೆ.

ಸಿಮ್ ಮತ್ತು ಕಳೆದ ಫೋನ್: ಸಂಚಾರ್ ಸಾಥಿ

ದೂರಸಂಪರ್ಕ ಇಲಾಖೆಯದು. ಇದನ್ನು ಹಾಕಿದ ದಿನವೇ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕ ಇವೆ ಅಂತ ನೋಡಿ. ಗೊತ್ತಿಲ್ಲದ ನಂಬರ್ ಕಂಡರೆ ‘ನನ್ನದಲ್ಲ’ ಅಂತ ಅಲ್ಲೇ ತಿಳಿಸಬಹುದು. ಬೇರೆ ಯಾರೋ ನಿಮ್ಮ ಆಧಾರ್ ಪ್ರತಿ ಕೊಟ್ಟು ತೆಗೆದ ಸಿಮ್‌ನಿಂದ ವಂಚನೆ ನಡೆದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಈಗಲೇ ಮಾಡಿಡಬೇಕಾದ ಇನ್ನೊಂದು ಕೆಲಸ: *#06# ಒತ್ತಿ. ಬರುವ ಐಎಂಇಐ ನಂಬರನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಕಾಗದದಲ್ಲಿ ಬರೆದು ಫೋನಿನ ಬಿಲ್ ಜೊತೆ ಇಡಿ. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿ ಮತ್ತು ಈ ನಂಬರ್ ಕೊಟ್ಟು ಅದನ್ನು ಯಾವ ಸಿಮ್ ಹಾಕಿದರೂ ಕೆಲಸ ಮಾಡದ ಹಾಗೆ ಮಾಡಿಸಬಹುದು. ಆಗ ಆ್ಯಪ್ ಇದ್ದ ಫೋನೇ ಕೈಯಲ್ಲಿರುವುದಿಲ್ಲ, ಆದ್ದರಿಂದ ಇದೇ ಹೆಸರಿನ ವೆಬ್‌ಸೈಟಿನಲ್ಲೂ ಆ ಸೌಲಭ್ಯ ಇದೆ ಅಂತ ಮನೆಯವರಿಗೆ ಹೇಳಿಡಿ.

ಅನುಮಾನದ ಕರೆ, ಮೆಸೇಜ್ ಬಂದರೆ ಇದರ ‘ಚಕ್ಷು’ ಭಾಗದಲ್ಲಿ ತಿಳಿಸಬಹುದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ಆ್ಯಪ್ ಹಿಡಿದು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಪ್ರತಿ ನಿಮಿಷವೂ ಮುಖ್ಯ.

ಬೆಳಗಿನ ಹಕ್ಕಿಗೆ: ಮರ್ಲಿನ್

ಇದು ಸಂತೋಷಕ್ಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಶೋಧನಾ ಸಂಸ್ಥೆ ಮಾಡಿದ್ದು. ಹಕ್ಕಿಯ ಕೂಗು ಕೇಳಿ ಅದು ಯಾವ ಹಕ್ಕಿ ಅಂತ ಹೇಳುತ್ತದೆ. ಹಾಕಿದ ಮೇಲೆ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ‘ಸೌಂಡ್ ಐಡಿ’ ಒತ್ತಿ, ಫೋನನ್ನು ಅಲುಗಾಡಿಸದೆ ಹಿಡಿದರೆ ಸಾಕು.

ಮೊದಲ ಸಲ ಬೆಳಿಗ್ಗೆ ಆರೂವರೆಗೆ ಮಹಡಿಯ ಮೇಲೆ ಅಥವಾ ಅಂಗಳದಲ್ಲಿ ನಿಂತು ನೋಡಿ. ನಗರದ ನಡುವೆಯೂ ಪಿಕಳಾರ, ಮಡಿವಾಳ, ಕೋಗಿಲೆ, ಸೂರಕ್ಕಿ ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ. ‘ಟಂಕ್ ಟಂಕ್’ ಅಂತ ಎಡೆಬಿಡದೆ ಬಡಿಯುವ ಸದ್ದು ಕಂಚುಕುಟಿಗನದು, ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಸಿರು ಹಕ್ಕಿ, ಎಲೆಗಳ ನಡುವೆ ಸುಲಭಕ್ಕೆ ಕಾಣುವುದಿಲ್ಲ. ಆ್ಯಪ್ ಹೇಳಿದ ಎಲ್ಲವನ್ನೂ ನಂಬಬೇಡಿ. ಪಟ್ಟಿಯಲ್ಲಿ ಬಂದ ಹಕ್ಕಿಯ ಹೆಸರು ಒತ್ತಿ ಅದರ ಧ್ವನಿಮುದ್ರಿಕೆ ಕೇಳಿ, ಹೊರಗಿನ ಕೂಗಿಗೆ ಹೋಲಿಸಿ, ಆಮೇಲೆ ಕಣ್ಣಿನಿಂದ ಹುಡುಕಿ. ಗೂಡು ಕಟ್ಟುವ ಕಾಲದಲ್ಲಿ ಆ ಧ್ವನಿಮುದ್ರಿಕೆಯನ್ನು ಮರದ ಕೆಳಗೆ ಜೋರಾಗಿ ಹಾಕಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂದಿದೆ ಅಂದುಕೊಂಡು ಅದು ಗೂಡು ಬಿಟ್ಟು ಹಾರಾಡುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ.